ಬಾವುಟದ ಬಣ್ಣದ ಲಂಟಾನ

ಊರಲ್ಲಿ ಕತ್ತಿ ಹಿಡಿದು ಕಡಿದದ್ದನ್ನೇ ನಮ್ಮವರು ಪರದೇಶದಲ್ಲಿ ಕುಂಡದಲ್ಲಿಟ್ಟು ಸಾಕುತ್ತಾರೆ. ನಾವಿರುವ ಒಮಾನಿನ ನಿಜ್ವಾದಲ್ಲಿ ಇಂಥ ಬುದ್ಧಿವಂತರಿಗೆ ಬರವಿಲ್ಲ. ಹಾಗಾಗಿ ನನ್ನ ಬಾಯಿಗೆ ಬಿಡುವಿಲ್ಲ.

ವೀಸಾ ಇದ್ದ ಗಿಡ

ಪಕ್ಕದ ಮನೆಯ ಉಡುಪಿಯವರು ನರ್ಸರಿಯಿಂದ ಲಂಟಾನ ತಂದರು. ನಮ್ಮ ಕಾಡುಗಳನ್ನು ನುಂಗಿ ನೀರು ಕುಡಿದ ಅದೇ ಗಿಡ.

"ಇದನ್ನು ಕಡಿದೂ ಕಡಿದೂ ನಿಮ್ಮ ಅಪ್ಪನ ಸೊಂಟ ಹೋಗಿತ್ತಲ್ಲ ಮಾರಾಯ್ರೆ?"

"ಅದು ಗುಡ್ಡೆಯದ್ದು. ಇದು ವೀಸಾ ತೆಗೆದುಕೊಂಡು ಬಂದದ್ದು."

ಹಕ್ಕಿಯ ತಪ್ಪು

ಹಕ್ಕಿಗಳು ಹಣ್ಣು ತಿಂದು ಮನೆ ಹಿಂದಿನ ವಾದಿಯಲ್ಲಿ ಬೀಜ ಉದುರಿಸಿದವು. ಮಳೆ ಬಂದಾಗ ಮಾತ್ರ ಹರಿಯುವ ಆ ಹಳ್ಳದಲ್ಲೇ ನಮ್ಮ ಮನೆ ಮಾಲೀಕರಾದ ಒಮಾನಿ ಅಜ್ಜನ ಆಡುಗಳು ಮೇಯುವುದು. ಲಂಟಾನ ಸೊಪ್ಪು ಆಡಿಗೆ ವಿಷ. ಶುಕ್ರವಾರ ರಜೆ ಹಾಳುಮಾಡಿಕೊಂಡು ಸಸಿ ಕಿತ್ತೆ, ಉಡುಪಿಯವರನ್ನು ಬೈದೆ.

"ಕಾಂಪೌಂಡಿನ ಒಳಗಿನದ್ದು ಮಾತ್ರ ನನ್ನದು. ಹೊರಗಿನದ್ದಕ್ಕೆ ಹಕ್ಕಿಯನ್ನು ಬೈಯಿರಿ" ಎಂದರು.

ಬೈದೆ. ಹಕ್ಕಿ ಸಭ್ಯ ಪ್ರಾಣಿ, ಎದುರು ಮಾತಾಡಲಿಲ್ಲ.

ಕನ್ನಡ ದ್ರೋಹಿ

ರಾಜ್ಯೋತ್ಸವದ ಸಭೆಯಲ್ಲಿ ನಮ್ಮ ಕನ್ನಡ ಕೂಟದ ಅಧ್ಯಕ್ಷರಿಗೆ ಜ್ಞಾನೋದಯವಾಯಿತು: ಲಂಟಾನ ಹೂವು ಹಳದಿ, ಕೆಂಪು. ಥೇಟ್ ನಮ್ಮ ಬಾವುಟ. ಮನೆಮನೆಯಲ್ಲೂ ನೆಡಬೇಕು.

ನಾನೆದ್ದು, "ಅಜ್ಜನ ಆಡುಗಳು ಸಾಯುತ್ತವೆ" ಎಂದೆ.

"ಕನ್ನಡದ ಬಣ್ಣಕ್ಕೇ ವಿರೋಧವೇನ್ರೀ?"

ಅಧ್ಯಕ್ಷರ ಮಗಳೊಬ್ಬಳು, "ಅಂಕಲ್ ಈಸ್ ರೈಟ್, ಪಪ್ಪಾ" ಎಂದಳು.

"ಕನ್ನಡದಲ್ಲಿ ಹೇಳು" ಎಂದರು. ಅವಳಿಗೆ ಬರಲಿಲ್ಲ. ನಿರ್ಣಯ ಪಾಸಾಯಿತು.

ಸನ್ಮಾನ

ಹಾರ ತುರಾಯಿ ಬದಲು ಸಸಿ ಕೊಡುವುದು ನಮ್ಮವರ ಈಗಿನ ಶೋಕಿ. ಮನೆಮನೆಗೂ ಲಂಟಾನ ಬೇಲಿ ಎದ್ದ ಮರುವರ್ಷ, ರಾಜ್ಯೋತ್ಸವಕ್ಕೆ ಮುಖ್ಯ ಅತಿಥಿ ಅದೇ ಆಡಿನ ಅಜ್ಜ. ಶಾಲು ಹೊದಿಸಿ, ಕೈಗೆ ಲಂಟಾನ ಕುಂಡ ಕೊಟ್ಟರು.

ಅಜ್ಜ ನನ್ನ ಕಡೆ ಬಾಗಿ ಹಿಂದಿಯಲ್ಲಿ, "ಇದೇನು?" ಎಂದರು.

"ನಿಮ್ಮ ಆಡು ತಿಂದರೆ ಖಲಾಸ್."

ಅಜ್ಜ ಗಡ್ಡ ನೀವಿಕೊಂಡರು. ಹಲ್ಲು ಬಿಟ್ಟುಕೊಂಡು ನಿಂತಿದ್ದ ಅಧ್ಯಕ್ಷರನ್ನು ನೋಡಿದರು. ಮೈಕ್ ಹಿಡಿದು, "ಇಷ್ಟೊಂದು ಪ್ರೀತಿ ನನಗೆ ಒಂದೇ ಗಿಡದಲ್ಲಿ ಸಾಲದು. ನಿಮ್ಮೆಲ್ಲರ ಮನೆಯದ್ದೂ ಬೇಕು. ಬೇರು ಸಮೇತ ತನ್ನಿ. ಶುಕ್ರವಾರ ನನ್ನ ತೋಟದಲ್ಲಿ ಊಟ" ಎಂದರು.

ಊಟ ಅಂದಮೇಲೆ ಕೇಳಬೇಕೇ. ನನ್ನ ಮಾತಿಗೆ ಒಂದು ಎಲೆ ಕೀಳದವರು ಬೇಲಿಗೆ ಬೇಲಿಯನ್ನೇ ಕಿತ್ತು ಕಾರುಗಳಲ್ಲಿ ತುಂಬಿಕೊಂಡು ಬಂದರು. ಉಡುಪಿಯವರದ್ದೇ ಮೊದಲ ಕಾರು. ಅಜ್ಜ ಪ್ರತಿಯೊಬ್ಬರಿಗೂ ಅರಬಿಯಲ್ಲಿ 'ಶುಕ್ರನ್' ಎಂದು ಧನ್ಯವಾದ ಹೇಳಿ, ಗಿಡ ಇಸಿದುಕೊಂಡು, ಧಗಧಗ ಉರಿಯುವ ಗುಂಡಿಗೆ ಹಾಕಿದರು.

ಅಧ್ಯಕ್ಷರು ಹೊಗೆಗೆ ಕಣ್ಣೊರೆಸಿಕೊಂಡು, ಬೆಂಕಿಗೆ ಕೈಮುಗಿದು, ನನ್ನ ಕಿವಿಯಲ್ಲಿ ಹೇಳಿದರು: "ಇವರ ಕಡೆಯ ಹೋಮ ಇರಬೇಕು ಕಣ್ರೀ. ಮುಂದಿನ ವರ್ಷ ಇನ್ನೂ ಜಾಸ್ತಿ ಬೆಳೆಸಿ ತರೋಣ."