ದೇವರೇ, ಮಗ ಗೋಲು ಹೊಡೆಯದಿರಲಿ

ಮಗನ ಉದ್ಯೋಗವನ್ನು ಒಂದೇ ವಾಕ್ಯದಲ್ಲಿ ಹೇಳಲಾಗದ ತಾಯಿಗೆ ಮುಂದೆ ಹೇಳುವಂಥ ಪ್ರಸಂಗಗಳು ವಾರಕ್ಕೊಂದರಂತೆ ಒದಗುತ್ತಲೇ ಇರುತ್ತವೆ. ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ ಮೇಲಿನ ನಾಲ್ಕು ಅಂತಸ್ತುಗಳಿಗೆ ಲೀಗ್ ಎಂದು ಹೆಸರು. ಅದರ ಕೆಳಗಿನದೆಲ್ಲ ನಾನ್-ಲೀಗ್. ಸಿವಿಲ್ ಎಂಜಿನಿಯರಿಂಗ್ ಓದಲು ಅಲ್ಲಿಗೆ ಹೋದ ನನ್ನ ಮಗ ವಾರವಿಡೀ ಪಾರ್ಸಲ್ ವ್ಯಾನ್ ಓಡಿಸಿ, ಶನಿವಾರ ಆ ಕೆಳಗಿನ ಅಂತಸ್ತುಗಳಲ್ಲೊಂದರಲ್ಲಿ ಗೋಲು ಹೊಡೆಯುತ್ತಾನೆ. ವಯಸ್ಸು ಮೂವತ್ತನಾಲ್ಕು. ನಾವಿರುವ ಸಿಂಗಾಪುರದ ಉಬಿ ಬಡಾವಣೆಯ ಕಚೇರಿಯೊಂದರಲ್ಲಿ ನನ್ನ ಯಜಮಾನರ ಸ್ನೇಹಿತರು ಅವನಿಗಾಗಿ ಒಂದು ಕುರ್ಚಿ ಕಾದಿರಿಸಿದ್ದಾರೆ. ಸತತ ಐದು ಪಂದ್ಯ ಗೋಲು ಬಾರದಿದ್ದರೆ ಬೂಟು ಕಳಚಿ ಸಿಂಗಾಪುರಕ್ಕೆ ಮರಳಬೇಕೆಂದು ಮೆಸೇಜ್ ಕಳಿಸಿ, ಅವನಿಂದ ಮಾತು ಪಡೆದಿದ್ದೇನೆ. ಆದರೆ ಗೋಲು ನಿಲ್ಲುವುದಿಲ್ಲ.

ಬೇಡಿಕೆ

ಮೈಸೂರಿನಿಂದ ಅಕ್ಕ ಫೋನ್ ಮಾಡಿದಳು.

"ನಿನ್ನ ಮಗ ಅಲ್ಲಿ ಏನಾಗಿದಾನೆ?"

"ಸ್ಟ್ರೈಕರ್."

"ಎಷ್ಟು ದಿನದಿಂದ?"

"ಹನ್ನೆರಡು ವರ್ಷದಿಂದ."

ಅಕ್ಕ ನಿಟ್ಟುಸಿರು ಬಿಟ್ಟಳು. "ಹನ್ನೆರಡು ವರ್ಷ ಸ್ಟ್ರೈಕೇನೇ? ಇನ್ನೂ ಬೇಡಿಕೆ ಈಡೇರಿಲ್ವಾ?"

ಇಲ್ಲ, ನನ್ನದು ಈಡೇರಿಲ್ಲ ಎಂದೆ.

ಪ್ರಮೋಷನ್

ಚೋವಾ ಚು ಕಾಂಗ್‌ನ ನಮ್ಮ ಬ್ಲಾಕಿನ ಲಿಫ್ಟಿನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ತರುಣನೊಬ್ಬ ಮಗನ ಸಮಾಚಾರ ಕೇಳಿದ.

"ಪರ್ಫಾರ್ಮೆನ್ಸ್ ಇಷ್ಟು ಚೆನ್ನಾಗಿದೆ, ಆದ್ರೂ ಪ್ರಮೋಷನ್ ಯಾಕಾಗಿಲ್ಲ ಆಂಟಿ? ಮ್ಯಾನೇಜರ್ ಪ್ರಾಬ್ಲಮ್ಮಾ?"

"ಅಲ್ಲಿ ಒಬ್ಬನಿಗೆ ಬಡ್ತಿಯಿಲ್ಲಪ್ಪ, ಇಡೀ ತಂಡಕ್ಕೇ."

"ಹೋದ ವರ್ಷ ಏನಾಯ್ತು?"

"ಇಡೀ ತಂಡವನ್ನು ಒಂದು ಅಂತಸ್ತು ಕೆಳಗಿಳಿಸಿದರು."

ಅವನು ತನ್ನ ಮಹಡಿಯಲ್ಲಿ ಇಳಿಯುವಾಗ ಮೆಲ್ಲಗೆ ಹೇಳಿದ: "ಲೇಆಫ್‌ಗಿಂತ ವಾಸಿ ಬಿಡಿ ಆಂಟಿ."

ಸಂಕಲ್ಪ

ಹತಾಶಳಾಗಿ ಲಿಟಲ್ ಇಂಡಿಯಾದ ದೇವಸ್ಥಾನಕ್ಕೆ ಹೋದೆ. ಅರ್ಚಕರು ಮಗನ ಹೆಸರು, ನಕ್ಷತ್ರ ಕೇಳಿ, ಪ್ರಾರ್ಥನೆ ಏನೆಂದರು. ಹೆತ್ತ ಮಗ ಸೋಲಲಿ ಎಂದು ಸಾಲಿನಲ್ಲಿ ನಿಂತವರ ಮುಂದೆ ಹೇಗೆ ಹೇಳಲಿ? "ಮಗನ ಗೋಲಿನ ವಿಷಯ" ಎಂದಷ್ಟೇ ಪಿಸುಗುಟ್ಟಿದೆ.

ಜೀವನದ ಗುರಿಯೆಂದು ತಿಳಿದ ಅವರು ಗಂಟಲೆತ್ತಿ, "ಸಕಲ-ಗೋಲ್-ಸಿದ್ಧ್ಯರ್ಥಂ" ಎಂದು ಸಂಕಲ್ಪ ಮಾಡಿಸಿಬಿಟ್ಟರು.

ಆ ಶನಿವಾರ ಅವನು ನಾಲ್ಕು ಹೊಡೆದ. ಮಂತ್ರಕ್ಕೆ ಶಕ್ತಿಯಿಲ್ಲ ಎನ್ನುವವರು ನನ್ನನ್ನು ಬಂದು ಕಾಣಬಹುದು.

ಐದನೆಯ ಪಂದ್ಯ

ಕೊನೆಗೂ ಅವನ ಮೊಣಕಾಲಿನ ನೋವು ನನ್ನ ಪಕ್ಷ ವಹಿಸಿತು. ನಾಲ್ಕು ಪಂದ್ಯ ಗೋಲಿಲ್ಲದೆ ಕಳೆದವು. ಐದನೆಯದನ್ನು ನಾನೂ ಯಜಮಾನರೂ ರಾತ್ರಿ ಫೋನಿನಲ್ಲಿ ನೋಡುತ್ತ ಕುಳಿತೆವು. ಮುಗಿಯಲು ಎರಡು ನಿಮಿಷವಿತ್ತು. ಎದುರಾಳಿಗೆ ಕಾರ್ನರ್ ಸಿಕ್ಕಿತು. ತಡೆಯಲು ಹಿಂದೋಡಿ ಬಂದ ನನ್ನ ಮಗನ ತಲೆಗೆ ತಗುಲಿದ ಚೆಂಡು ಅವನದೇ ತಂಡದ ಗೋಲಿನೊಳಗೆ ಬಿತ್ತು. ತಂಡ ಸೋತಿತು. ಯಜಮಾನರು ತಲೆಯ ಮೇಲೆ ಕೈಹೊತ್ತರು. ನಾನು ಎದ್ದು ಅವನ ಕೋಣೆಯ ಕಿಟಕಿ ತೆರೆದು, ಹಾಸಿಗೆಗೆ ಹೊಸ ಹೊದಿಕೆ ಹಾಸಿದೆ.

ಸ್ವಲ್ಪ ಹೊತ್ತಿಗೆ ಫೋನ್ ಬಂತು.

"ಅಮ್ಮ, ನಾನ್ ಬರಲ್ಲ. ಇವತ್ತು ಗೋಲ್ ಹೊಡ್ದೆ."

"ಅದು ನಿಮ್ಮದೇ ಗೋಲಿಗೆ ಕಣೋ!"

"ನೀನ್ ಕಳ್ಸಿದ್ ಮೆಸೇಜ್ ಓದ್ತೀನಿ, ಕೇಳು. 'ಸತತ ಐದು ಪಂದ್ಯಗಳಲ್ಲಿ ಗೋಲು ಹೊಡೆಯದಿದ್ದಲ್ಲಿ ಹಿಂದಿರುಗತಕ್ಕದ್ದು.' ಯಾರ ಗೋಲಿಗೆ ಅಂತ ಎಲ್ಲಿದೆ ಹೇಳು?"

ಇಲ್ಲಿನ ಮಕ್ಕಳಿಗೆ ಇಪ್ಪತ್ತು ವರ್ಷ ಭಾನುವಾರದ ಕನ್ನಡ ತರಗತಿ ನಡೆಸಿದವಳು ನಾನು. ಆ ವಾಕ್ಯದಲ್ಲಿ 'ಎದುರಾಳಿಯ' ಎಂಬ ಒಂದು ಷಷ್ಠೀ ವಿಭಕ್ತಿ ಬಿಟ್ಟುಹೋಗಿತ್ತು. ತಪ್ಪು ಹಿಡಿದವನು ಆ ತರಗತಿಯಲ್ಲಿ ವಿಭಕ್ತಿ ಬರುವುದಿಲ್ಲವೆಂದು ನಾನು ಎರಡು ಸಲ ಫೇಲು ಮಾಡಿದ ಏಕೈಕ ವಿದ್ಯಾರ್ಥಿ.