ಹತ್ತನೇ ಕ್ಲಾಸಿನ ಆಟದ ಪೀರಿಯಡ್ಡು

ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಓಡಿದ್ದನ್ನು ಕಂಡವರು ಇಡೀ ಕೂಡ್ಲಿಗಿ ತಾಲ್ಲೂಕಿನಲ್ಲೇ ಇಲ್ಲ! ಬಸ್ಸು ಹೊರಟರೂ ಓಡುವವರಲ್ಲ. ಬೇವಿನ ನೆರಳಲ್ಲಿ ಮೋಡ ನೋಡುತ್ತಾ ನಿಲ್ಲುತ್ತಾರೆ. ಸೀಟಿ ಬಾಯಲ್ಲೇ ಇರುತ್ತದೆ, ಊದುವುದು ಮಾತ್ರ ಮರೆತಿರುತ್ತದೆ. ಆಟ ಮುಗಿಸಲು ಹೇಳುವವರೇ ಇಲ್ಲದೆ ಹುಡುಗಿಯರು ಸಂಜೆಯ ಕೆಂಪು ಧೂಳಿನಲ್ಲಿ ತೇಲುತ್ತಲೇ ಇರುತ್ತಾರೆ.

ಒಮ್ಮೆ ತಂಡ ಕಟ್ಟಿಕೊಂಡು ಹರಪನಹಳ್ಳಿಯ ಪಂದ್ಯಕ್ಕೆ ಹೊರಟರು. ಕೊಟ್ಟೂರು ದಾಟಿದ ಮೇಲೆ ಬಯಲಲ್ಲಿ ಮಕ್ಕಳು ಲಗೋರಿ ಆಡುವುದು ಕಂಡಿತು. ಅಷ್ಟೇ! ಎಲ್ಲರನ್ನೂ ಇಳಿಸಿ ಅಲ್ಲೇ ಆಡಿಸಿದರು. ಅತ್ತ ಹರಪನಹಳ್ಳಿಯಲ್ಲಿ ಪಂದ್ಯ ಮುಗಿದೇ ಹೋಯಿತು.

"ಕಪ್ಪು ಎಲ್ಲಿ ಐತ್ರಿ ಮೇಷ್ಟ್ರ?" ಎಂದರು ಹೆಡ್‌ಮಾಸ್ಟರು.

"ಆಡಾಕ ಹೋಗಿದ್ವಿ, ಆಡಿ ಬಂದ್ವಿ ಸರ್."

ಇಂಥವರ ಮುಂದೆ ಶಾಲೆಯ ತಪಾಸಣೆಗೆ ಸಾಹೇಬರೊಬ್ಬರು ಬಂದು, "ದೈಹಿಕ ಶಿಕ್ಷಣದ ಗುರಿ ಏನ್ರಿ?" ಎಂದು ಕೇಳಬೇಕೆ? ಹೆಡ್‌ಮಾಸ್ಟರು ಹಿಂದಿನಿಂದ "ಶಿಸ್ತು, ಶಿಸ್ತು" ಎಂದು ಪಿಸುಗುಟ್ಟುತ್ತಿದ್ದರು. ಮೇಷ್ಟ್ರು ಕಿಟಕಿಯಾಚೆ ನೋಡುತ್ತಾ, "ಮಕ್ಕಳಿಗೆ ಗಡದ್ದಾಗಿ ನಿದ್ದಿ ಬರಬೇಕ್ರಿ" ಎಂದರು.

"ಅದು ಗಣಿತದ ಪೀರಿಯಡ್‌ನಾಗ ಬರ್ತತಲ್ರೀ!" ಎಂದರು ಸಾಹೇಬರು.

ಎಲ್ಲರೂ ನಕ್ಕರು. ಗಣಿತದ ಟೀಚರು ನಾನೇ ಎಂದು ಪಾಪ, ಸಾಹೇಬರಿಗೆ ಗೊತ್ತಿರಲಿಲ್ಲ!

ಸಾಹೇಬರು ಹೋದ ಮೇಲೆ ಹೆಡ್‌ಮಾಸ್ಟರು ಹತ್ತನೇ ಕ್ಲಾಸಿನ ಆಟದ ಪೀರಿಯಡ್ಡನ್ನು ಕಿತ್ತು ನನಗೆ ಕೊಟ್ಟರು. ರಿಸಲ್ಟು ಬೇಕಲ್ಲ! ಮೇಷ್ಟ್ರು ಜಗಳವಾಡಲಿಲ್ಲ. ಆ ಹೊತ್ತಿಗೆ ಖಾಲಿ ಮೈದಾನದಲ್ಲಿ ಸುಮ್ಮನೆ ಹೋಗಿ ಕೂರುತ್ತಿದ್ದರು.

"ಆರಾಮ ಆತಲ್ರೀ ಸರ್, ರೆಸ್ಟು!" ಎಂದು ಛೇಡಿಸಿದೆ ಒಂದು ದಿನ.

ಅವರು ನಗಲಿಲ್ಲ. "ಮನ್ಯಾಗ ಓಡಿದ್ರ ಅವ್ವ ಬೈತಾಳ. ಬೀದ್ಯಾಗ ಓಡಿದ್ರ ಊರೇ ನೋಡ್ತತಿ. ಹತ್ತನೇತ್ತ ಮುಗೀತಂದ್ರ ಈ ಮೈದಾನನೂ ಇಲ್ಲ. ಈ ಹುಡುಗ್ಯಾರು ಇನ್ನೆಲ್ಲಿ ಓಡಬೇಕ್ರಿ ಟೀಚರ್?" ಎಂದರು, ಕನಸಿನಲ್ಲಿ ಮಾತಾಡಿದ ಹಾಗೆ.

ಲೆಕ್ಕ ಬೆಳಿಗ್ಗೆ ಬೇಗ ಬಂದು ಹೇಳಿಕೊಡುತ್ತೇನೆ ಎಂದು ಹೆಡ್‌ಮಾಸ್ಟರನ್ನು ಒಪ್ಪಿಸಿ, ಮರುವಾರ ಇಡೀ ಕ್ಲಾಸನ್ನು ಮೈದಾನಕ್ಕೆ ಕರೆತಂದೆ. ಖೋ ಖೋ ಸಾಲಿಗೆ ಒಬ್ಬಳು ಕಡಿಮೆ ಬಿದ್ದಳು. "ನೀವಽ ಕುಂದರ್ರಿ" ಎಂದರು ಮೇಷ್ಟ್ರು. ಸೆರಗು ಸಿಕ್ಕಿಸಿ ಕುಳಿತೆ.

ಬೆನ್ನಿಗೆ ಪುಟ್ಟ ಅಂಗೈಯೊಂದು ಬಡಿಯಿತು. "ಖೋ! ಓಡ್ರಿ ಟೀಚರ್!"

ಮದುವೆಯಾಗಿ ಈ ಊರಿಗೆ ಬಂದ ಮೇಲೆ ನಾನು ಒಂದು ಸಲವೂ ಓಡಿರಲಿಲ್ಲ. ಓಡಿದೆ. ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿ ನಗುತ್ತಿದ್ದರು. ನನಗೆ ಮಾತ್ರ ಅಳು ಬರುತ್ತಿತ್ತು.