ಆ ಮನೇನ ಎಂತ ಅಂತ ಕರೀತಾರೆ?

ನಮ್ಮ ಚಿಕ್ಕಪ್ಪ ಮೂಡಿಗೆರೆ ಸೀಮೆಯಲ್ಲಿ ನೋಡದ ಮನೆಯಿಲ್ಲ. ನೆಂಟರಿಗೆ, ನೆಂಟರ ನೆಂಟರಿಗೆ, ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಬಾಯಿತಪ್ಪಿ 'ಮನೆ ಹುಡುಕ್ತಿದೀವಿ' ಎಂದವರಿಗೆ, ಎಲ್ಲರಿಗೂ ಅವರು ಮನೆ ನೋಡಿಕೊಟ್ಟಿದ್ದಾರೆ. ಆದರೆ ಅವರ ಸಲಹೆ ಕೇಳಿದವರಲ್ಲಿ ಈ ವರ್ಷದವರೆಗೆ ಮನೆ ಕೊಂಡವರು ಒಬ್ಬರೂ ಇರಲಿಲ್ಲ! ಇದು ತಮ್ಮ ಸೋಲು ಎಂದು ಚಿಕ್ಕಪ್ಪನಿಗೆ ಅನ್ನಿಸಿಯೇ ಇಲ್ಲ. "ಎಷ್ಟು ಜನರನ್ನ ಉಳಿಸಿದೀನಿ ನೋಡು," ಎನ್ನುತ್ತಾರೆ.

ಹೀಗೆ ಅವರ ಕೈಯಲ್ಲಿ ಉಳಿಯುವ ಸರದಿ ನಮಗೂ ಬಂತು. ನಾನು ಹಿರಿಯೂರಿನವಳು. ಎರಡು ವರ್ಷದ ಹಿಂದೆ ನನ್ನ ಗಂಡ ಮೂಡಿಗೆರೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಹಾಕಿದರು, ನಾನು ಅಲ್ಲೇ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡಲು ಸೇರಿದೆ. ಬಾಡಿಗೆ ಮನೆ ಚೆನ್ನಾಗಿಯೇ ಇತ್ತು. ಈ ಜನವರಿಯಲ್ಲಿ ಓನರ್ ಬಂದು, ಮಗಳ ಸಂಸಾರ ಊರಿಗೆ ಬರುತ್ತಿದೆ, ಏಪ್ರಿಲ್ ಕೊನೆಗೆ ಖಾಲಿ ಮಾಡಿಕೊಡಿ ಎಂದು ಬಹಳ ಪ್ರೀತಿಯಿಂದ ಹೇಳಿ, ನಾನು ಕೊಟ್ಟ ಕಾಫಿಯನ್ನೂ ಕುಡಿದು ಹೋದರು. ಮದುವೆಯಾದ ಮೇಲೆ ಇದು ನಮ್ಮ ಆರನೆಯ ಖಾಲಿ. "ಈ ಸಲ ಸ್ವಂತದ್ದೇ ನೋಡೋಣ. ಇನ್ನೊಂದು ಸಲ ಪಾತ್ರೆ ಕಟ್ಟೋ ಶಕ್ತಿ ನನಗಿಲ್ಲ," ಎಂದರು ನನ್ನ ಗಂಡ. ಪಾತ್ರೆ ಕಟ್ಟಿದ್ದು ಯಾವತ್ತೂ ನಾನೇ. ಆದರೂ ಮಾತು ಸರಿಯಾಗಿತ್ತು.

ಹೊಸ ಊರು, ಗೊತ್ತಿಲ್ಲದ ಜನ. ಅಮ್ಮನಿಗೆ ಫೋನ್ ಮಾಡಿದೆ. "ಆಲ್ದೂರಲ್ಲಿ ನಿನ್ನ ಚಿಕ್ಕಪ್ಪ ಇಲ್ವೇನೆ? ಅವರನ್ನ ಕೇಳು," ಎಂದಳು. ಅಮ್ಮನ ತಂಗಿಯನ್ನು ಬಹಳ ಹಿಂದೆಯೇ ಈ ಘಟ್ಟದ ಕಡೆಗೆ ಕೊಟ್ಟಿತ್ತು. ಆಕೆಯ ಗಂಡನೇ ಈ ಚಿಕ್ಕಪ್ಪ. ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದು ನಿವೃತ್ತರಾದವರು.

ರೈಟರ್ ಎಂಬ ಈ ಶಬ್ದದಿಂದ ನನಗೆ ಚಿಕ್ಕಂದಿನಲ್ಲೇ ಒಂದು ಪೆಟ್ಟು ಬಿದ್ದಿತ್ತು. ಬಯಲುಸೀಮೆಯ ನಮಗೆ ರೈಟರ್ ಎಂದರೆ ಪುಸ್ತಕ ಬರೆಯುವವರು. ಆರನೇ ಕ್ಲಾಸಿನಲ್ಲಿ "ನನ್ನ ಚಿಕ್ಕಪ್ಪ ದೊಡ್ಡ ರೈಟರ್" ಎಂದು ಜಂಬ ಕೊಚ್ಚಿದ್ದೆ. ಅದು ಹೆಡ್‌ಮಾಸ್ಟರ ಕಿವಿಗೆ ಬಿದ್ದು, ಆ ವರ್ಷದ ಶಾಲಾ ವಾರ್ಷಿಕೋತ್ಸವಕ್ಕೆ ಸಾಹಿತಿಗಳೆಂದು ಅವರನ್ನೇ ಮುಖ್ಯ ಅತಿಥಿಯಾಗಿ ಕರೆಸಿಬಿಟ್ಟರು! ಚಿಕ್ಕಪ್ಪನಿಗೂ ಯಾಕೆ ಕರೆದರೆಂದು ಗೊತ್ತಿಲ್ಲ. ಕರೆದರಲ್ಲ ಎಂದು ಬಂದರು. ಹೆಡ್‌ಮಾಸ್ಟರು ಹಾರ ಹಾಕಿ ವಿನಯದಿಂದ, "ತಾವು ಮುಖ್ಯವಾಗಿ ಯಾವ ಪ್ರಕಾರದಲ್ಲಿ ಬರೀತೀರಿ?" ಎಂದು ಕೇಳಿದರು.

"ನಮ್ದು ಎರಡೇ ಸಾರ್," ಎಂದರು ಚಿಕ್ಕಪ್ಪ. "ಅರೇಬಿಕಾ ಒಂದು, ರೊಬಸ್ಟಾ ಒಂದು."

ಎಸ್ಟೇಟಿನಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ ಬರೆಯುವವರು, ತೋಟದ ಯಾವ ಪಟ್ಟೆಯಲ್ಲಿ ಯಾವ ಜಾತಿಯ ಕಾಫಿಹಣ್ಣು ಎಷ್ಟು ಕೊಯ್ದರು ಎಂದು ಬರೆಯುವವರು ಎಂಬುದು ಇಡೀ ಹಿರಿಯೂರಿಗೆ ಅವತ್ತೇ ಗೊತ್ತಾಯಿತು. ಭಾಷಣದ ಬದಲು ಅವರು ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಹಾಜರಿ ಕೂಗಿದರು. ಗೈರಾದವರು ಏಳು ಜನ. ಅದನ್ನು ನಮ್ಮ ಮೇಷ್ಟ್ರೂ ಗಮನಿಸಿರಲಿಲ್ಲ.

ಇಂಥವರನ್ನು ನಂಬಿ ನಾವು ಮನೆ ನೋಡಲು ಹೊರಟೆವು.

ಚಿಕ್ಕಪ್ಪನ ಮೊದಲ ನಿಯಮ, ಮನೆ ನೋಡಲು ಹೋದಾಗ ಮನೆಯ ಒಳಗೆ ಹೋಗಬಾರದು. ಆಸ್ಪತ್ರೆ ರಸ್ತೆಯ ಹತ್ತಿರ ಒಂದು ಮುದ್ದಾದ ಮನೆಯಿತ್ತು. ಗೇಟಿನ ಪಕ್ಕ ಕಪ್ಪು ಗ್ರಾನೈಟಿನಲ್ಲಿ ಬಂಗಾರದ ಬಣ್ಣದ ಹೆಸರು ಬೇರೆ. ನಾವು ಗೇಟು ತೆಗೆಯುವಷ್ಟರಲ್ಲಿ ಚಿಕ್ಕಪ್ಪ ಎದುರಿನ ಗೂಡಂಗಡಿಯಲ್ಲಿ ಎರಡು ಬಾಳೆಹಣ್ಣು ಕೊಂಡು, ಸುಲಿಯುತ್ತಾ ಅಂಗಡಿಯವನನ್ನು ಕೇಳುತ್ತಿದ್ದರು.

"ಆ ಮನೇನ ಎಂತ ಅಂತ ಕರೀತಾರೆ?"

"ಅದಾ? ಹಾವು ಬಂದ ಮನೆ."

ಚಿಕ್ಕಪ್ಪ ಎರಡನೆಯ ಹಣ್ಣನ್ನು ನನ್ನ ಗಂಡನ ಕೈಗಿಟ್ಟು, "ನಡೀರಿ ಅಳಿಯಂದ್ರೆ," ಎಂದರು.

"ಹಾವು ಯಾವಾಗ ಬಂದಿದ್ದಂತೆ?" ಎಂದರು ನನ್ನ ಗಂಡ. ವಿಚಾರಿಸಿದರೆ ಹದಿನೈದು ವರ್ಷವಾಗಿತ್ತು. ಬಂದದ್ದೂ ಒಂದೇ ಸಲ, ಅದೂ ಕೇರೆಹಾವು.

"ಹಾವು ಹೋಯ್ತಲ್ಲ ಚಿಕ್ಕಪ್ಪ."

"ಹಾವು ಹೋಗಿದೆ. ಹೆಸರು ಹೋಗಿದ್ಯಾ? ನಾಳೆ ಗ್ಯಾಸಿನವನು ಫೋನ್ ಮಾಡಿ ಎಲ್ಲಿ ಅಂತಾನೆ. ನೀನು ಅಡ್ಡರಸ್ತೆ, ನಂಬರು ಅಂತ ಎಂತೆಂತದೋ ಹೇಳ್ತೀಯ. ಅವನಿಗೆ ಅದೆಲ್ಲ ಗೊತ್ತಾಗಲ್ಲ ಮಾರಾಯ್ತಿ. ಕೊನೆಗೆ ನೀನೇ ನಿನ್ನ ಬಾಯಲ್ಲೇ 'ಹಾವು ಬಂದ ಮನೆ' ಅಂತೀಯ. ಅಂದ್ಮೇಲೆ ಮುಗೀತು."

ನಾನು ವಾದ ಮಾಡಬಹುದಿತ್ತು. ಆದರೆ ನಮ್ಮ ಬಾಡಿಗೆ ಮನೆಗೆ ಗ್ಯಾಸ್ ತರಿಸಲು ನಾನು ಎರಡು ವರ್ಷದಿಂದ 'ಕೋಳಿಫಾರಂ ಸುಬ್ಬಣ್ಣನ ಮನೆ' ಎಂದೇ ಹೇಳುತ್ತಿದ್ದೆ. ಸುಬ್ಬಣ್ಣ ಯಾರೆಂದು ನನಗೆ ಇವತ್ತಿಗೂ ತಿಳಿಯದು. ಕೋಳಿಯಂತೂ ಒಂದೂ ಇರಲಿಲ್ಲ.

ಹೀಗೆ ಹೆಸರಿನಿಂದಲೇ ಬಿದ್ದುಹೋದ ಮನೆಗಳು ಒಂದೆರಡಲ್ಲ. 'ಜಗಳದವ್ರ ಮನೆ' ಹೋಯಿತು. 'ಮೂರು ಸಲ ಪಾಯ ತೆಗೆದ ಮನೆ' ಹೋಯಿತು. 'ಡಾಕ್ಟ್ರ ಮನೆ' ಎಂದು ಕೇಳಿ ನಾನು ಖುಷಿಪಟ್ಟೆ. ಚಿಕ್ಕಪ್ಪ ಒಪ್ಪಲಿಲ್ಲ. "ರಾತ್ರಿ ಎರಡು ಗಂಟೆಗೆ ಹೊಟ್ಟೆನೋವು ಅಂತ ಬಂದು ಬಾಗಿಲು ಬಡೀತಾರೆ, ನಿನ್ನ ಗಂಡ ಪಂಪಿನ ಸ್ಪ್ಯಾನರ್ ಹಿಡ್ಕೊಂಡು ಎಂತ ಮಾಡ್ತಾರೆ?"

ಜಾವಳಿ ಕಡೆ ನೋಡಿದ ಮನೆಯ ಹೆಸರು ಹೇಗೋ ಪಾಸಾಯಿತು. ಅಲ್ಲಿ ಬೇರೆ ಗೊಂದಲ. ಚಿಕ್ಕಪ್ಪ ಮನೆಯ ಯಜಮಾನರನ್ನು ನೋಡಿದವರೇ, "ಎಷ್ಟು ಇಂಚು?" ಎಂದರು. ಗೋಡೆಯ ದಪ್ಪ ಕೇಳಿದ್ದು ಎಂದುಕೊಂಡು ನನ್ನ ಗಂಡ ತಲೆಯಾಡಿಸಿದರು.

"ನೂರಾ ಇಪ್ಪತ್ತು," ಎಂದರು ಯಜಮಾನರು. "ಹೋದ ವರ್ಷ ನೂರಾ ನಲವತ್ತು."

ನನ್ನ ಗಂಡ ನನ್ನ ಕಿವಿಯ ಹತ್ತಿರ ಬಂದು, "ಈ ಗೋಡೆ ವರ್ಷಾ ವರ್ಷಾ ಹೆಚ್ಚೂ ಕಮ್ಮಿ ಆಗುತ್ತೇನೆ?" ಎಂದರು. ಅವರು ಕೇಳಿದ್ದು ಗಂಭೀರವಾಗಿಯೇ. ಇಲ್ಲಿಯವರು ಇಂಚು ಎಂದರೆ ಮಳೆ, ಬೇರೇನೂ ಅಲ್ಲ ಎಂದು ನಮಗೆ ಅರ್ಥವಾಗಲು ಅರ್ಧ ಗಂಟೆ ಹಿಡಿಯಿತು.

ಆಮೇಲೆ ಟವೆಲ್ ಪರೀಕ್ಷೆ. ಚಿಕ್ಕಪ್ಪನ ಹೆಗಲ ಮೇಲೆ ಸದಾ ಒಂದು ಕೆಂಪು ಗೀಟಿನ ಟವೆಲ್ಲಿರುತ್ತದೆ. ಅದನ್ನು ಆ ಮನೆಯ ನಲ್ಲಿಯಲ್ಲೇ ಒದ್ದೆ ಮಾಡಿ, ಹಿಂಡಿ, ಹಿತ್ತಲಲ್ಲಿ ಹರವಿ, ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ. ಅದು ಒಣಗುವವರೆಗೆ ಯಾರೂ ಏಳುವಂತಿಲ್ಲ. ಮನೆ ಮಾರುವವರು ಕಾಫಿ ಕೊಡುತ್ತಾರೆ, ಇನ್ನೊಂದು ಸಲ ಕಾಫಿ ಕೊಡುತ್ತಾರೆ, ಆಮೇಲೆ ನಮ್ಮ ಮುಖ ನೋಡುತ್ತಾರೆ. ಮಾರ್ಚ್ ತಿಂಗಳಲ್ಲಿ ಟವೆಲ್ ಒಣಗದೆ ಏನು ಮಾಡುತ್ತದೆ? ಮುಕ್ಕಾಲು ಗಂಟೆಯಲ್ಲಿ ಹಪ್ಪಳವಾಯಿತು.

"ಒಣಗಿತಲ್ಲ ಚಿಕ್ಕಪ್ಪ, ತಗೊಳ್ಳೋಣವಾ?"

"ಬೇಸಿಗೇಲಿ ಎಲ್ಲಾದ್ರೂ ಒಣಗುತ್ತೆ. ಅದಕ್ಕೇ ಹೇಳೋದು, ಬೇಸಿಗೇಲಿ ಮನೆ ತಗೋಬಾರ್ದು."

"ಹಾಗಾದ್ರೆ ಮಳೆಗಾಲದಲ್ಲಿ ತಗೋಬೇಕಾ?"

"ಮಳೆಗಾಲದಲ್ಲಿ ಎಂಥ ಒಳ್ಳೇ ಮನೆನೂ ಕೆಟ್ಟದಾಗೇ ಕಾಣುತ್ತೆ. ತಗೊಳ್ಳೋಕೆ ಮನಸ್ಸೇ ಬರಲ್ಲ."

"ಚಳಿಗಾಲದಲ್ಲಿ?"

"ಕೊಯ್ಲಿನ ಟೈಮಲ್ಲಿ ಯಾರಿಗೆ ಪುರುಸೊತ್ತಿರುತ್ತೆ ಮಾರಾಯ್ತಿ?"

ನಾನು ಗಣಿತದವಳು. ವರ್ಷದಿಂದ ಮೂರು ಕಾಲ ಕಳೆದರೆ ಎಷ್ಟು ಉಳಿಯುತ್ತದೆ ಎಂದು ನನಗೆ ಗೊತ್ತು. ಗುಡ್ಡದ ನೆತ್ತಿಯ ಮನೆಗೆ ನೀರು ಹತ್ತುವುದಿಲ್ಲ, ಬುಡದ ಮನೆಗೆ ಮೇಲಿನವರ ನೀರೆಲ್ಲ ಇಳಿದು ಬರುತ್ತದೆ ಎಂದೂ ಚಿಕ್ಕಪ್ಪ ಹೇಳಿದ್ದರು. ಮಧ್ಯದಲ್ಲಿ ತಗೊಂಡರೆ? "ಮಧ್ಯದಲ್ಲಿ ಎರಡೂ." ಆಮೇಲಾಮೇಲೆ ನನಗೆ ಕನಸಿನಲ್ಲೂ ಮನೆಗಳು ಬಂದು, ನಮ್ಮನ್ನು ಎಂತ ಅಂತ ಕರೀತಾರೆ ಹೇಳು ಎಂದು ಕೇಳತೊಡಗಿದವು. ಏಪ್ರಿಲ್ ಬಂತು. ಓನರ್ ಎರಡು ಸಲ ಬಂದು, ಕಾಫಿ ಕುಡಿಯದೆ ಹೋದರು.

ಕೊನೆಗೆ ಚಿಕ್ಕಪ್ಪನಿಗೆ ಹೇಳದೆ ನಾವೇ ಒಂದು ಮನೆ ಹುಡುಕಿದೆವು. ಊರಿನ ಅಂಚಿನಲ್ಲಿ, ಇಳಿಜಾರಿನ ಸರಿ ಮಧ್ಯದಲ್ಲಿ. ಎರಡು ಕೋಣೆ, ಹಿತ್ತಲಲ್ಲಿ ಒಂದು ಕಿತ್ತಳೆ ಗಿಡ. ಕಟ್ಟಿಸಿದವರು ಮಂಗಳೂರಿನಲ್ಲೇ ಉಳಿದುಬಿಟ್ಟಿದ್ದರಿಂದ ಅದರಲ್ಲಿ ಯಾರೂ ಸಂಸಾರ ಮಾಡಿರಲಿಲ್ಲ. ಅಡ್ವಾನ್ಸ್ ಕೊಡುವ ಮುಂಚೆ ಮನಸ್ಸು ತಡೆಯದೆ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಮುಂದಿನ ಬಸ್ಸಿಗೇ ಬಂದರು. ನೆಟ್ಟಗೆ ಕೆಳಗಿನ ಅಂಗಡಿಗೆ ಹೋಗಿ ಬಾಳೆಹಣ್ಣು ಸುಲಿದರು.

ಅಂಗಡಿಯವರು ತಲೆ ಕೆರೆದುಕೊಂಡರು. "ಅದಕ್ಕೆ ಹೆಸರು ಅಂತ ಎಂತದೂ ಇಲ್ಲ. ಯಾರೂ ಇದ್ದೇ ಇಲ್ವಲ್ಲ."

ಚಿಕ್ಕಪ್ಪ ಹಣ್ಣು ತಿನ್ನುವುದನ್ನು ನಿಲ್ಲಿಸಿದರು. ಆಮೇಲೆ ಅವರು ಮಾಡಿದ್ದನ್ನು ಕಂಡು ನಾವು ಬಾಯಿ ತೆರೆದು ನಿಂತೆವು. ಚಪ್ಪಲಿ ಬಿಟ್ಟು ಮನೆಯ ಒಳಗೆ ಹೋದರು!

ಅವತ್ತು ಹೌದು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. "ಇನ್ನೊಂದ್ ಸಲ ನೋಡ್ಬೇಕು," ಎಂದರು. ಮಾರನೆಯ ದಿನ ಬಂದರು. ಅದರ ಮಾರನೆಯ ದಿನವೂ ಬಂದರು. ಮನೆ ಕಟ್ಟಿಸಿದವರು ಬೀಗದಕೈಯನ್ನು ಅಂಗಡಿಯಲ್ಲೇ ಇಡಿಸಿದ್ದರಿಂದ ಯಾರನ್ನೂ ಕೇಳಬೇಕಿರಲಿಲ್ಲ. ಟವೆಲ್ ಒಣಹಾಕುವುದು, ಕಿತ್ತಳೆ ಗಿಡದ ಬುಡ ಬಿಡಿಸುವುದು, ಬಾಗಿಲ ಕೀಲಿಗೆ ಎಣ್ಣೆ ಬಿಡುವುದು, ಅಂಗಡಿಯಲ್ಲಿ ಎಸ್ಟೇಟಿನ ಕಾಲದ ಕತೆ ಹೇಳುವುದು. ಅಭಿಪ್ರಾಯ ಮಾತ್ರ ಇಲ್ಲ. ಏಪ್ರಿಲ್ ಮುಗಿಯಲು ಹತ್ತೇ ದಿನ ಉಳಿದಾಗ ನನ್ನ ಗಂಡ, "ನಿಮ್ಮ ಚಿಕ್ಕಪ್ಪ ಮನೆ ನೋಡ್ತಿದಾರೋ, ಅಲ್ಲೇ ಇರೋಕೆ ಬಂದಿದಾರೋ?" ಎಂದು ರೇಗಿದರು. ಒಂದೋ ಇತ್ತ, ಇಲ್ಲ ಅತ್ತ, ಹೇಳಿಸಿಕೊಂಡೇ ಬರುತ್ತೇನೆ ಎಂದು ನಾನು ಸಿಟ್ಟಿನಲ್ಲೇ ಆಲ್ದೂರಿಗೆ ಹೊರಟೆ.

ಆಲ್ದೂರಿನಲ್ಲಿ ಅವರದು ಮಿಲ್ಲಿನ ಹಿಂದೆ ಸಣ್ಣ ಬಾಡಿಗೆ ಮನೆ. ಚಿಕ್ಕಪ್ಪ ಇರಲಿಲ್ಲ, ಮೂಡಿಗೆರೆ ಬಸ್ಸಿಗೆ ಹೋಗಿದ್ದರು. ಎಲ್ಲಿಗೆಂದು ಕೇಳುವುದೇ ಬೇಡ. ಚಿಕ್ಕಮ್ಮ ನೀರುದೋಸೆ ಹುಯ್ಯುತ್ತಾ ನನ್ನ ದೂರನ್ನೆಲ್ಲ ಕೇಳಿಸಿಕೊಂಡಳು.

"ಅವ್ರಿಗೆ ಮನೆ ಹಿಡಿಸಿದೆ ಕಣೆ. ಹಿಡಿಸಿದ್ರೆ ಮಾತು ಬರಲ್ಲ."

"ಇಷ್ಟೆಲ್ಲ ತಿಳಿದವರು ನೀವ್ಯಾಕೆ ಒಂದು ಮನೆ ಮಾಡ್ಕೊಳ್ಳಲಿಲ್ಲ ಚಿಕ್ಕಮ್ಮ?"

ಕೇಳಬಾರದಿತ್ತು. ಚಿಕ್ಕಮ್ಮ ದೋಸೆ ಎತ್ತಿ ನನ್ನ ತಟ್ಟೆಗೆ ಹಾಕಿದ ಮೇಲೆ ಮಾತಾಡಿದಳು.

"ಎಸ್ಟೇಟಲ್ಲಿ ಮನೆ ಇತ್ತಲ್ಲ. ಮೂವತ್ತಾರು ವರ್ಷ ಅಲ್ಲೇ ಇದ್ವಿ. ಮಳೆಗೆ ಮುಂಚೆ ಇವ್ರೇ ಹೆಂಚು ಕೈಯಾಡಿಸಿ ಸರಿ ಮಾಡ್ತಿದ್ದಿದ್ದು, ಇವ್ರೇ ಅಂಗಳ ಮಾಡಿದ್ದು. ಎಲ್ಲರೂ ರೈಟ್ರ ಮನೆ, ರೈಟ್ರ ಮನೆ ಅಂತಿದ್ರು. ಇವ್ರಿಗೆ ಅದು ತನ್ನ ಹೆಸರೇ ಆಗಿಬಿಟ್ಟಿತ್ತು. ರಿಟೈರ್ ಆದ ದಿನ ನಮ್ಮ ಸಾಮಾನು ಹೇರಿದ ಜೀಪು ಇಳೀತಿದೆ, ಹೊಸ ರೈಟ್ರ ಸಾಮಾನಿನ ಜೀಪು ಹತ್ತುತಿದೆ. ಆ ಡ್ರೈವರು ನಮ್ಮನ್ನೇ ನಿಲ್ಸಿ, ರೈಟ್ರ ಮನೆ ಯಾವ್ದು ಅಂತ ಕೇಳ್ದ."

"ಚಿಕ್ಕಪ್ಪ ಏನಂದ್ರು?"

"ದಾರಿ ತೋರಿಸಿದ್ರು. ಮೇಲಿನ ತಿರುವು ದಾಟಿ ಬಲಕ್ಕೆ ಅಂತ."

ಸಿಟ್ಟು ಹೊತ್ತು ಬಂದಿದ್ದ ನಾನು ದೋಸೆ ತಿಂದು, ಏನೂ ಹೇಳಿಸಿಕೊಳ್ಳದೆ ವಾಪಸು ಬಂದೆ. ಮಾರನೆಯ ದಿನ ಅಡ್ವಾನ್ಸ್ ಕೊಟ್ಟೆವು. ಚಿಕ್ಕಪ್ಪನ ಸಲಹೆ ಕೇಳಿಯೂ ಮನೆ ಕೊಂಡವರು ಈ ಸೀಮೆಯಲ್ಲಿ ನಾವೇ ಮೊದಲಿಗರು. ರಿಜಿಸ್ಟ್ರಿ ಆಗುವವರೆಗೆ ಬೇಕಾದರೆ ಇದ್ದುಕೊಳ್ಳಿ ಎಂದು ಮಂಗಳೂರಿನವರು ಒಪ್ಪಿದರು.

ಏಪ್ರಿಲ್ ಕೊನೆಯ ದಿನ ಸಾಮಾನು ಸಾಗಿಸಿದೆವು. ಪಾತ್ರೆ ಕಟ್ಟಿದ್ದು ನಾನೇ. ಹಾಲು ಉಕ್ಕಿಸೋಣವೆಂದರೆ ಸಿಲಿಂಡರ್ ಬಂದಿಲ್ಲ. ಅಷ್ಟರಲ್ಲಿ ಗ್ಯಾಸಿನವನ ಫೋನ್ ಬಂತು. ಎರಡೂ ಕೈಯಲ್ಲಿ ಡಬ್ಬವಿದ್ದುದರಿಂದ ಸ್ಪೀಕರ್ ಹಾಕಿದೆ.

"ಮೇಡಂ, ಅಂಗಡಿ ಹತ್ರ ಇದೀನಿ. ಯಾವ ಮನೆ?"

ನಾನು ಅಡ್ಡರಸ್ತೆ ಹೇಳಿದೆ, ನಂಬರ್ ಹೇಳಿದೆ, ಕಿತ್ತಳೆ ಗಿಡ ಎಂದೆ.

"ಅದೆಲ್ಲ ಬೇಡ ಮೇಡಂ. ಎಂತ ಅಂತ ಕರೀತಾರೆ?"

ಇಷ್ಟೆಲ್ಲ ಪರೀಕ್ಷೆ ಮಾಡಿ, ಹೆಸರೇ ಇಲ್ಲದ ಮನೆಯನ್ನು ಕೊಂಡು ಕೂತಿದ್ದೆವು! ಫೋನಿನಲ್ಲಿ ಅವನು ಅಂಗಡಿಯವರನ್ನು ಕೇಳುವುದು ಕೇಳಿಸಿತು. ಅಂಗಡಿಯವರ ದನಿಯೂ ಸ್ಪಷ್ಟವಾಗಿ ಕೇಳಿಸಿತು.

"ಓ, ಅದು ರೈಟ್ರ ಮನೆ ಮಾರಾಯ. ದಿನಾ ಟವೆಲ್ ಹಾಕ್ಕೊಂಡು ಬರ್ತಾರಲ್ಲ, ಅವ್ರದ್ದು. ಮೇಲೆ ಹೋಗು."

ಚಿಕ್ಕಪ್ಪ ಮೆಟ್ಟಿಲ ಮೇಲೆ ಕೂತಿದ್ದರು. ಕೇಳಿಸಿತು ಎಂದು ಅವರ ಬೆನ್ನು ನೋಡಿಯೇ ಗೊತ್ತಾಯಿತು. ಗಡಬಡಿಸಿ ಎದ್ದು ಬಂದು, "ಅಲ್ಲ ಅಲ್ಲ, ತಪ್ಪು ಹೇಳ್ತಿದಾನೆ. ಇದು ಪಂಪಿನವ್ರ ಮನೆ ಅಂತ ಹೇಳು," ಎಂದರು.

ನಾನು ನನ್ನ ಗಂಡನ ಮುಖ ನೋಡಿದೆ. ಅವರು ಹೂಂ ಎನ್ನುವಂತೆ ತಲೆಯಾಡಿಸಿದರು. ಈ ಸಲ ಅರ್ಥವಾಗಿಯೇ ಆಡಿಸಿದರು.

"ಹೌದಪ್ಪ," ಎಂದೆ ಫೋನಿಗೆ. "ರೈಟ್ರ ಮನೆ. ತಗೊಂಡು ಬಾ."

ಚಿಕ್ಕಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ತುಂಬ ಹೊತ್ತು ಒರೆಸಿಕೊಂಡರು. ಆಮೇಲೆ ಟವೆಲ್ಲಿನ ಹಿಂದಿನಿಂದಲೇ ಸಣ್ಣ ದನಿಯಲ್ಲಿ ಕೇಳಿದರು.

"ಅವನಿಗೆ ಸರಿಯಾಗಿ ಕೇಳ್ತೋ ಇಲ್ವೋ. ಇನ್ನೊಂದ್ ಸಲ ಹೇಳು."